ಮೊದಲು ಸಾವು ನೋಡಿ, ಆಮೇಲೆ ಹುಟ್ಟು ನಂಬಿ: ಇಂಗ್ಲೆಂಡಿನ ಹಳೆಯ ಸಮಾಧಿ ರಿಜಿಸ್ಟರ್ ಓದಿದ ನನ್ನ ಅನುಭವ

ನನ್ನ ಗಂಡನ ಮನೆಯವರು ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯವರು. ಅವರ ವಂಶ ಹುಡುಕುವ ಕೆಲಸಕ್ಕೆ ನಾನು ಇಳಿದದ್ದು ಮಗಳಿಗಾಗಿ. ನನ್ನ ಕಡೆಯ ಹಿರಿಯರ ಕಥೆಗಳನ್ನು ನನ್ನ ಅಮ್ಮ ಅವಳಿಗೆ ಹೇಳಿ ಹೇಳಿ ಬಾಯಿಪಾಠ ಮಾಡಿಸಿದ್ದಾರೆ. ಅಪ್ಪನ ಕಡೆ ಮುತ್ತಜ್ಜನ ಹಿಂದೆ ಯಾರು ಅಂತ ಕೇಳಿದರೆ ಅತ್ತೆಗೂ ಗೊತ್ತಿರಲಿಲ್ಲ. ಈಗ ಆ ಕಡೆ 1600ರ ದಶಕದವರೆಗೆ ತಲುಪಿದ್ದೇನೆ. ಅದಕ್ಕೆ ಎಲ್ಲಕ್ಕಿಂತ ಜಾಸ್ತಿ ನೆರವಾದದ್ದು ಸಮಾಧಿ ರಿಜಿಸ್ಟರ್. ಯಾರನ್ನು ಯಾವ ದಿನ ಮಣ್ಣು ಮಾಡಿದರು ಅಂತ ಆ ಊರಿನ ಪಾದ್ರಿ ಬರೆದಿಟ್ಟ ಪುಸ್ತಕ ಅದು. ಹೆಚ್ಚಿನವರು ಬ್ಯಾಪ್ಟಿಸಂ (ಮಗುವಿಗೆ ಚರ್ಚಿನಲ್ಲಿ ಕೊಡುವ ದೀಕ್ಷೆ), ಮದುವೆ ಸಿಕ್ಕಿದರೆ ಸಾಕು ಅಂತ ಇದನ್ನು ತೆರೆದೇ ನೋಡುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಯಾಕೆ ಅಂದರೆ, ಹದಿನೆಂಟನೇ ಶತಮಾನದಲ್ಲಿ ಮದುವೆಯಾದ ವಿಲಿಯಂ ಒಬ್ಬನ ಅಪ್ಪ ಅಮ್ಮ ಯಾರು ಅಂತ ನನಗೆ ಬೇಕಿತ್ತು. ಆಗಿನ ಮದುವೆ ದಾಖಲೆಯಲ್ಲಿ ಅಪ್ಪನ ಹೆಸರು ಬರೆಯುವ ಪದ್ಧತಿ ಇರಲಿಲ್ಲ, ಅದು ಬಂದದ್ದು 1837ರಲ್ಲಿ. ಅದೇ ಊರಿನಲ್ಲಿ, ವಯಸ್ಸು ಹೊಂದುವ ಹಾಗೆ, ಅದೇ ಮನೆತನದ ಹೆಸರಿನ ಒಬ್ಬ ವಿಲಿಯಂನ ಬ್ಯಾಪ್ಟಿಸಂ ಇತ್ತು. ಆನ್‌ಲೈನಿನಲ್ಲಿ ಹಲವರು ಅವನನ್ನೇ ತಮ್ಮ ವಂಶವೃಕ್ಷಕ್ಕೆ ಸೇರಿಸಿಕೊಂಡಿದ್ದರು. ನಾನು ಸಮಾಧಿ ಪುಟಗಳನ್ನು ತೆರೆದೆ. ಎರಡು ವರ್ಷ ಆಗುವಷ್ಟರಲ್ಲಿ 'ಥಾಮಸನ ಮಗ ವಿಲಿಯಂ' ಅಂತ ಒಂದು ಸಾಲು. ಆ ಮಗು ಮದುವೆಯ ವಯಸ್ಸಿಗೆ ಬರಲೇ ಇಲ್ಲ. ತೀರಿಹೋದ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದು ಆಗ ಮಾಮೂಲಿ, ಆದ್ದರಿಂದ ಆ ದಂಪತಿಗೆ ಮತ್ತೊಬ್ಬ ವಿಲಿಯಂ ಹುಟ್ಟಿದ್ದನೇ ಅಂತಲೂ ನೋಡಿದೆ. ಇರಲಿಲ್ಲ. ಪಕ್ಕದ ಪ್ಯಾರಿಷ್‌ನಲ್ಲಿ (ಪ್ಯಾರಿಷ್ ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಇನ್ನೊಬ್ಬ ಸಿಕ್ಕಿದ, ಅವನು ಚಿಕ್ಕವನಿದ್ದಾಗ ತೀರಿಕೊಂಡ ಗುರುತು ಎಲ್ಲೂ ಇಲ್ಲ.

ಅವನೇ ನಮ್ಮವನು ಅಂತ ಖಚಿತವಾದದ್ದು ಅವನ ಸಾವಿನ ಸಾಲಿನಿಂದ. ಇಲ್ಲಿ ಯಾರ್ಕ್‌ಷೈರಿನವರಿಗೆ ಒಂದು ಭಾಗ್ಯವಿದೆ. ಯಾರ್ಕಿನ ವಿಲಿಯಂ ಡೇಡ್ ಎಂಬ ಪಾದ್ರಿ 1770ರ ದಶಕದಲ್ಲಿ ತುಂಬಾ ವಿವರವಾಗಿ ರಿಜಿಸ್ಟರ್ ಬರೆಯುವ ಕ್ರಮ ತಂದರು. 1777ರಲ್ಲಿ ಆರ್ಚ್‌ಬಿಷಪ್ ಅದನ್ನು ತಮ್ಮ ಕೈಕೆಳಗಿನ ಚರ್ಚುಗಳಿಗೂ ಹೇಳಿದರು. ಎಲ್ಲ ಪಾದ್ರಿಗಳೂ ಪಾಲಿಸಲಿಲ್ಲ, ಆದರೆ ಪಾಲಿಸಿದ ಕಡೆ ಸಮಾಧಿಯ ಸಾಲಿನಲ್ಲಿ ಕಸುಬು, ವಯಸ್ಸು, ಸಾವಿನ ಕಾರಣ, ಕೆಲವೊಮ್ಮೆ ಅಪ್ಪನ ಹೆಸರೂ ಇರುತ್ತದೆ. ನಮ್ಮ ವಿಲಿಯಂನ ಸಾಲಿನಲ್ಲಿ ಅಪ್ಪನ ಹೆಸರಿತ್ತು, ಪಕ್ಕದ ಪ್ಯಾರಿಷ್‌ನ ಅದೇ ಹೆಸರು. ಆವತ್ತು ನನಗಾದ ಸಂತೋಷ ಹೇಳತೀರದು.

ಬೇರೆ ಕಡೆ, ಬೇರೆ ಕಾಲದಲ್ಲಿ ಇಷ್ಟು ವಿವರ ಸಿಗುವುದಿಲ್ಲ. ಈ ರಿಜಿಸ್ಟರ್‌ಗಳು ಶುರುವಾದದ್ದು 1538ರಲ್ಲಿ, ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆಜ್ಞೆಯಿಂದ. ಅಲ್ಲಿಂದ ಮುಂದೆ ಬಹುಕಾಲ ಬರೀ ದಿನಾಂಕ, ಹೆಸರು, ಅಷ್ಟೇ. 1813ರಿಂದ ಅಚ್ಚಾದ ಪುಸ್ತಕ ಬಂತು, ಒಂದು ಪುಟಕ್ಕೆ ಎಂಟು ಸಾಲು, ಹೆಸರು, ವಾಸದ ಊರು, ಮಣ್ಣು ಮಾಡಿದ ದಿನ, ವಯಸ್ಸು, ಪಾದ್ರಿಯ ಸಹಿ. ವಯಸ್ಸನ್ನು ಪೂರ್ತಿ ನಂಬಬೇಡಿ. ಹೇಳಿದವರು ಮಗನೋ ನೆರೆಯವರೋ ಇರುತ್ತಾರೆ, 80 ದಾಟಿದವರ ವಯಸ್ಸು ಅಂದಾಜಿನದು. ಮತ್ತೆ, ಇದು ಸತ್ತ ದಿನ ಅಲ್ಲ, ಮಣ್ಣು ಮಾಡಿದ ದಿನ. ಸಮಾಧಿ ಕಲ್ಲಿನ ಮೇಲಿನ ದಿನಾಂಕಕ್ಕೂ ಇದಕ್ಕೂ ಕೆಲವು ದಿನ ವ್ಯತ್ಯಾಸ ಇದ್ದರೆ ಗಾಬರಿ ಬೇಡ.

ದಿನಾಂಕದ ವಿಷಯ ಇನ್ನೂ ಇದೆ. 1751ರವರೆಗೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ. ಆದ್ದರಿಂದ ರಿಜಿಸ್ಟರಿನಲ್ಲಿ ಡಿಸೆಂಬರ್ 1723 ಆದಮೇಲೆ ಬರುವುದು ಜನವರಿ 1723, ಅಂದರೆ ನಮ್ಮ ಲೆಕ್ಕದ 1724. ಅಕ್ಟೋಬರ್ 1723ರಲ್ಲಿ ಬ್ಯಾಪ್ಟಿಸಂ ಆದ ಮಗುವನ್ನು ಫೆಬ್ರವರಿ 1723ರಲ್ಲಿ ಹೂಳಿದರು ಅಂತ ಕಂಡರೆ ಅದು ಬೇರೆ ಮಗು ಅಂತ ತಳ್ಳಿಹಾಕಬೇಡಿ. ಅದೇ ಮಗು, ನಾಲ್ಕು ತಿಂಗಳಿಗೆ ಹೋಗಿಬಿಟ್ಟಿದೆ. ನಾನು ಇಂಥವನ್ನು 1723/4 ಅಂತ ಎರಡೂ ಸೇರಿಸಿ ಬರೆದುಕೊಳ್ಳುತ್ತೇನೆ. 7 ಅಂಕಿ ಹಾಕಿ ಪಕ್ಕದಲ್ಲಿ 'ಬರ್' ಅಂತ ಇದ್ದರೆ ಅದು ಜುಲೈ ಅಲ್ಲ, ಮಾರ್ಚಿನಿಂದ ಎಣಿಸಿದರೆ ಏಳನೆಯದಾದ ಸೆಪ್ಟೆಂಬರ್. ಹಾಗೆಯೇ 8 ಅಕ್ಟೋಬರ್, 9 ನವೆಂಬರ್, 10 ಡಿಸೆಂಬರ್.

ಹೆಸರಿನ ಪಕ್ಕದ ಚಿಕ್ಕ ಗುರುತುಗಳನ್ನೂ ಬಿಡಬೇಡಿ. 1670ರ ದಶಕದ ಕೊನೆಯಿಂದ ಪಕ್ಕದಲ್ಲಿ 'ಅಫಿಡವಿಟ್' ಅಂತಲೋ ಅದರ ಮೊದಲ ಅಕ್ಷರಗಳೋ ಕಾಣುತ್ತವೆ. ಇಂಗ್ಲೆಂಡಿನ ಉಣ್ಣೆ ವ್ಯಾಪಾರ ಉಳಿಯಲಿ ಅಂತ ಹೆಣವನ್ನು ಉಣ್ಣೆ ಬಟ್ಟೆಯಲ್ಲೇ ಸುತ್ತಬೇಕು ಎಂಬ ಕಾನೂನು 1666ರಲ್ಲಿ ಬಂದು 1678ರಲ್ಲಿ ಬಿಗಿಯಾಯಿತು. ಹಾಗೆ ಸುತ್ತಿದ್ದೇವೆ ಅಂತ ಎಂಟು ದಿನದೊಳಗೆ ಪ್ರಮಾಣಪತ್ರ, ಅಂದರೆ ಆ ಅಫಿಡವಿಟ್, ಕೊಡಬೇಕು, ತಪ್ಪಿದರೆ ಐದು ಪೌಂಡ್ ದಂಡ. ಹಾಗಾಗಿ ಲಿನನ್ ಬಟ್ಟೆಯಲ್ಲಿ ಹೂಳಿ ದಂಡ ಕಟ್ಟಿದ್ದಾರೆ ಅಂತ ಇದ್ದರೆ ಅದು ದುಡ್ಡಿದ್ದ ಮನೆ ಅಂತ ಅರ್ಥ. ಇನ್ನೊಂದು, 'ಪಿ' ಅಕ್ಷರ ಅಥವಾ ಬಡವ ಎಂಬ ಮಾತು. 1783ರಿಂದ 1794ರವರೆಗೆ ಪ್ರತಿ ನಮೂದಿಗೆ ಮೂರು ಪೆನ್ನಿ ತೆರಿಗೆ ಇತ್ತು, ಬಡವರಿಗೆ ವಿನಾಯಿತಿ. ಆ ವರ್ಷಗಳಲ್ಲಿ ಬಡವ ಅಂತ ಕಂಡ ತಕ್ಷಣ ಆ ಮನೆ ಬೀದಿಗೆ ಬಿದ್ದಿತ್ತು ಅಂತ ನಾನು ತೀರ್ಮಾನ ಮಾಡುವುದಿಲ್ಲ. ಆ ಮೂರು ಪೆನ್ನಿ ಉಳಿಸಲು ಪಾದ್ರಿ ಹಾಗೆ ಬರೆದಿರಬಹುದು ಅಲ್ವಾ?

ಕೈಬರಹಕ್ಕೆ ಹೆದರಬೇಡಿ. 1600ರ ಆಸುಪಾಸಿನ ಅಕ್ಷರಗಳು ಮೊದಲು ಏನೂ ಅರ್ಥವಾಗುವುದಿಲ್ಲ. ನಾನು ಮಾಡುವುದು ಇಷ್ಟೇ: ಅದೇ ಪಾದ್ರಿಯ ಕೈಯ ಪುಟಗಳಲ್ಲಿ ತಿಂಗಳ ಹೆಸರು, ಜಾನ್, ಮೇರಿ, ಥಾಮಸ್‌ನಂಥ ಗೊತ್ತಿರುವ ಹೆಸರು ಹುಡುಕಿ, ಅವುಗಳಿಂದ ಒಂದೊಂದೇ ಅಕ್ಷರ ಬಿಡಿಸಿ ಹಾಳೆಯ ಮೇಲೆ ಬರೆದುಕೊಂಡು, ಆ ಪಟ್ಟಿಯನ್ನು ಪಕ್ಕದಲ್ಲಿಟ್ಟು ಕಷ್ಟದ ಸಾಲಿಗೆ ಹೋಗುತ್ತೇನೆ. ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್ ಆನ್‌ಲೈನಿನಲ್ಲಿ ಹಳೆಯ ಕೈಬರಹ ಓದುವ ಪಾಠ ಉಚಿತವಾಗಿ ಇಟ್ಟಿದೆ, ಅದೂ ಚೆನ್ನಾಗಿದೆ.

ನಿಮ್ಮ ಒಂದು ಹೆಸರು ಸಿಕ್ಕ ಕೂಡಲೇ ಪುಟ ಮುಚ್ಚಬೇಡಿ. ಮುಂದೆ ಹಿಂದೆ ಕೆಲವು ತಿಂಗಳು ಓದಿ. ಒಂದೇ ಮನೆಯ ಮೂರು ಮಕ್ಕಳು ಎರಡು ವಾರದಲ್ಲಿ ಹೋಗಿದ್ದನ್ನು ನಾನು ಓದಿದ್ದೇನೆ. ಆ ಪುಟದಲ್ಲಿ ಊರಿನ ಬೇರೆ ಮನೆಗಳ ಮಕ್ಕಳೂ ಇದ್ದರು, ಹತ್ತಿರದ ಒಂದು ಸಾಲಿನಲ್ಲಿ ಸಿಡುಬು ಅಂತ ಇತ್ತು. ಸುಮ್ನೆ ಇಂಡೆಕ್ಸ್ ನೋಡಿದ್ದರೆ ಆ ತಾಯಿಯ ವರ್ಷ ಹೇಗಿತ್ತು ಅಂತ ಗೊತ್ತಾಗುತ್ತಲೇ ಇರಲಿಲ್ಲ.

ಹುಡುಕಿದರೂ ಸಿಗದಿದ್ದರೆ? ಕ್ವೇಕರ್ ಎಂಬ ಪ್ರತ್ಯೇಕ ಕ್ರೈಸ್ತ ಪಂಗಡದವರಿಗೆ ಬೇರೆಯೇ ಸ್ಮಶಾನ, ಬೇರೆಯೇ ಪುಸ್ತಕ. ಬ್ಯಾಪ್ಟಿಸಂ ಆಗದೆ ತೀರಿಕೊಂಡ ಶಿಶುಗಳನ್ನು ಎಷ್ಟೋ ಕಡೆ ಬರೆಯಲೇ ಇಲ್ಲ. 1850ರ ದಶಕದಿಂದ ಪಟ್ಟಣದ ಚರ್ಚಿನ ಅಂಗಳಗಳು ತುಂಬಿ ಮುಚ್ಚಿದವು, ಅಲ್ಲಿಂದ ಮುಂದೆ ಸಾರ್ವಜನಿಕ ಸ್ಮಶಾನದ ಪುಸ್ತಕ ನೋಡಬೇಕು. ಬೆಂಗಳೂರಿನ ದಂಡಿನಲ್ಲಿ ತೀರಿಕೊಂಡ ಇಂಗ್ಲಿಷರನ್ನು ಹುಡುಕುವವರಿಗೂ ದಾರಿ ಇದೆ: ಇಲ್ಲಿನ ಚರ್ಚುಗಳ ದಾಖಲೆಯ ಪ್ರತಿಗಳು ಮದ್ರಾಸ್ ಪ್ರಾಂತ್ಯದ ಲೆಕ್ಕದಲ್ಲಿ ಲಂಡನ್ನಿಗೆ ಹೋಗುತ್ತಿದ್ದವು, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಸದ್ಯ ನನ್ನನ್ನು ಕಾಡುತ್ತಿರುವುದು ಒಂದು ಸಾಲು. 'ಜಾನನ ಹೆಂಡತಿ' ಅಂತ ಇದೆ, ಅವಳ ಹೆಸರೇ ಇಲ್ಲ. ಜಾನ್ ಎರಡು ಮದುವೆಯಾದವನು, ಹೋದವಳು ಮೊದಲನೆಯವಳೋ ಎರಡನೆಯವಳೋ ಗೊತ್ತಾದರೆ ಕೊನೆಯ ಮಕ್ಕಳ ತಾಯಿ ಯಾರು ಅಂತ ಸಿಗುತ್ತದೆ. 1598ರಿಂದ ಪ್ರತಿ ವರ್ಷ ರಿಜಿಸ್ಟರಿನ ಒಂದು ಪ್ರತಿ ಬಿಷಪ್ಪರಿಗೆ ಕಳಿಸಬೇಕಿತ್ತು. ನಮ್ಮ ಭಾಗದ ಆ ಪ್ರತಿಗಳು ಯಾರ್ಕ್ ವಿಶ್ವವಿದ್ಯಾಲಯದ ಬಾರ್ತ್‌ವಿಕ್ ಇನ್‌ಸ್ಟಿಟ್ಯೂಟ್‌ನಲ್ಲಿವೆ. ನಕಲು ಮಾಡುವಾಗ ಕೆಲವೊಮ್ಮೆ ಮೂಲದಲ್ಲಿ ಇಲ್ಲದ ಹೆಸರನ್ನೂ ಸೇರಿಸಿರುತ್ತಾರೆ, ಆ ವರ್ಷದ ಪ್ರತಿ ಉಳಿದಿದೆಯೇ ಅಂತ ಈಗ ಕೇಳಿ ಬರೆದಿದ್ದೇನೆ.