ಕೆಲಸ ಬಿಡುವವರ ಆರೋಗ್ಯ ವಿಮೆ ಕೈತಪ್ಪದಿರಲಿ

ಮುಂಬೈಯಲ್ಲಿ ಹೋಟೆಲ್, ಅಂಗಡಿ ನಡೆಸುತ್ತಾ ಕೆಲಸದವರಿಗೆ ಗ್ರೂಪ್ ಆರೋಗ್ಯ ವಿಮೆ ಮಾಡಿಸಿರುವವರು ಗಮನಿಸಿ: ಯಾರಾದರೂ ಕೆಲಸ ಬಿಟ್ಟು ಊರಿಗೆ ಮತ್ಸ್ಯಗಂಧಾ ರೈಲು ಹತ್ತುವ ಮೊದಲೇ, ಪಾಲಿಸಿಯಿಂದ ಹೆಸರು ತೆಗೆಸುವ ಮುಂಚೆ, ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಮೈಗ್ರೇಶನ್ (ವರ್ಗಾವಣೆ) ಅರ್ಜಿ ಕೊಡಿಸಿ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ನಿಯಮದಲ್ಲಿ ಇದಕ್ಕೆ ಅವಕಾಶವಿದೆ. ಹಳೇ ಕಾಯಿಲೆಗಳಿಗೆ ಗರಿಷ್ಠ 36 ತಿಂಗಳವರೆಗೆ ಇರಬಹುದಾದ ಕಾಯುವ ಅವಧಿಯಲ್ಲಿ (ಆ ಕಾಯಿಲೆಗಳಿಗೆ ವಿಮಾ ಹಣ ಸಿಗದ ಕಾಲ), ಗ್ರೂಪಿನಲ್ಲಿ ಸತತವಾಗಿ ಕಳೆದಷ್ಟು ಕಾಲ ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಇರುವ ಹಿರಿಯ ಅಡುಗೆಯವರಿಗಂತೂ ಇದು ದೊಡ್ಡ ಆಸರೆ, ದಯವಿಟ್ಟು ಮಾಡಿಸಿಕೊಡಿ. ಹೆಸರು ತೆಗೆದ ಮೇಲೆ ನಡುವೆ ವಿಮೆ ಕಡಿದುಹೋದರೆ ಈ ಲಾಭ ಸಿಗದೇ ಹೋಗಬಹುದು. ವಿಮಾ ಮೊತ್ತ ಹೆಚ್ಚಿಸಿಕೊಂಡರೆ ಹೆಚ್ಚಿದ ಭಾಗಕ್ಕೆ ಕಾಯುವಿಕೆ ಹೊಸದಾಗಿ ಶುರು. ಪ್ರೀಮಿಯಂ ಅವರೇ ಕಟ್ಟಬೇಕು, ವಯಸ್ಸಾದವರಿಗೆ ಜಾಸ್ತಿ ಬರುತ್ತದೆ. ಅದನ್ನು ಮೊದಲೇ ಬಿಡಿಸಿ ಹೇಳಿ.