ಲೀಗ್ ಜಗಳ ಮುಗಿಯಿತು, ನಮ್ಮ ಮುನಿಸು ತೋರಿಸುವುದು ಹೇಗೆ?

ಒಮ್ಮೆ ಕೊಡಗಿನ ಗೋಣಿಕೊಪ್ಪದಿಂದ ಬಸ್ಸು ಮಾಡಿಕೊಂಡು ಬೆಂಗಳೂರಿಗೆ ಹೋದೆವು. ಆಟಗಾರರ ಸಂಬಳದ ಜಗಳಕ್ಕೆ ಪಂದ್ಯಗಳು ರದ್ದಾಗಿ ನಿಂತಿದ್ದ ಹಾಕಿ ಲೀಗ್ ಮತ್ತೆ ಶುರುವಾಗಿತ್ತು, ನಮ್ಮದು ಅದಕ್ಕೆ ಪ್ರತಿಭಟನೆ. ಟಿಕೆಟ್ ಕೊಂಡೆವು, ಜೆರ್ಸಿ ಕೊಂಡೆವು, ಒಳಗೆ ದುಬಾರಿ ಸಮೋಸಾ ತಿಂದೆವು. ಕೊನೆಗೆ ಇಬ್ಬರು ನೀರಿನ ಬಾಟಲಿ ಎಸೆದು ಪೊಲೀಸರಿಂದ ಬೈಸಿಕೊಂಡರು. ಮಾಲೀಕರಿಗೆ ಆ ದಿನ ಒಳ್ಳೇ ವ್ಯಾಪಾರ!

ಮೊದಲು, ಸಿಟ್ಟು ಯಾರ ಮೇಲೆ ಅಂತ ನೋಡಿಕೊಳ್ಳಿ. ಆಟಗಾರರು ಆಡದಿದ್ದರೆ ಮುಷ್ಕರ, ಮಾಲೀಕರೇ ಬಾಗಿಲು ಹಾಕಿದರೆ ಲಾಕ್‌ಔಟ್. 1994ರಲ್ಲಿ ಅಮೆರಿಕದ ಬೇಸ್‌ಬಾಲ್ ನಿಂತದ್ದು ಮುಷ್ಕರದಿಂದ; 2004-05ರಲ್ಲಿ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಇಡೀ ಸೀಸನ್ ನಡೆಯದೇ ಹೋದದ್ದು ಲಾಕ್‌ಔಟ್‌ನಿಂದ. 2010ರ ವಿಶ್ವಕಪ್‌ಗೆ ಮೊದಲು ನಮ್ಮ ಹಾಕಿ ಆಟಗಾರರೇ ಪುಣೆಯ ಶಿಬಿರದಲ್ಲಿ ಬಾಕಿ ಹಣಕ್ಕಾಗಿ ಅಭ್ಯಾಸ ಬಿಟ್ಟು ಕೂತಿದ್ದರು. ಆ ವಿಶ್ವಕಪ್ ತಂಡದಲ್ಲಿ ನಮ್ಮ ಕೊಡಗಿನ ಅರ್ಜುನ್ ಹಾಲಪ್ಪ ಇದ್ದರು. ಅಂಥವರಿಗೆ ಬೈಯುವುದು ಪ್ರತಿಭಟನೆ ಅಲ್ಲ.

ಆಮೇಲೆ ಒಂದೇ ಬೇಡಿಕೆ ಬರೆಯಿರಿ. ‘ನ್ಯಾಯ ಬೇಕು’ ಅಂದರೆ ಯಾರೂ ಏನೂ ಕೊಡುವುದಿಲ್ಲ. ‘ರದ್ದಾದ ಪಂದ್ಯಗಳ ಟಿಕೆಟ್ ಹಣ ವಾಪಸ್ ಕೊಡಿ’ ಅಂದರೆ ಒಂದೋ ಕೊಡಬೇಕು, ಅಥವಾ ‘ಇಲ್ಲ’ ಅಂತ ಬಾಯಿಬಿಟ್ಟು ಹೇಳಬೇಕು.

ಈಗ ಎಲ್ಲರೂ ಎಡವುವ ಜಾಗ: ಪಂದ್ಯದ ಮಧ್ಯೆ ಎದ್ದು ಹೋಗುವುದು. 2016ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ತಂಡ ಲಿವರ್‌ಪೂಲ್‌ನ ಅಭಿಮಾನಿಗಳು ಇದನ್ನು ಮಾಡಿ ತೋರಿಸಿದರು. ಅಲ್ಲಿ ಜಗಳ ಟಿಕೆಟ್ ದರದ್ದು, ಆದರೆ ವಿಧಾನ ನಮಗೂ ಬೇಕಾದದ್ದೇ. ಅತಿ ದುಬಾರಿ ಟಿಕೆಟ್ 77 ಪೌಂಡ್ ಮಾಡುತ್ತೇವೆ ಅಂದದ್ದಕ್ಕೆ 77ನೇ ನಿಮಿಷಕ್ಕೆ ಸುಮಾರು 10,000 ಜನ ಹೊರಟರು. ತಂಡ ಆಗ 2-0 ಮುಂದಿತ್ತು. ಅವರು ಹೋದ ಮೇಲೆ ಪಂದ್ಯ 2-2 ಆಯಿತು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ದರ ಏರಿಕೆ ಕೈಬಿಟ್ಟರು.

ನಿಮ್ಮ ನಿಮಿಷಕ್ಕೂ ಹೀಗೆ ಅರ್ಥ ಇರಲಿ. 12 ಪಂದ್ಯ ರದ್ದಾಗಿದ್ದರೆ 12ನೇ ನಿಮಿಷ. ವಾಟ್ಸಾಪ್ ನಂಬಬೇಡಿ, ತುಂಬಿದ ಸ್ಟೇಡಿಯಂನಲ್ಲಿ ಮೆಸೇಜ್ ಅರ್ಧ ಗಂಟೆ ತಡವಾಗಿ ಬರುತ್ತದೆ. ಪ್ರತಿ ಸಾಲಿಗೆ ಒಬ್ಬರನ್ನು ನೇಮಿಸಿ; ಅವರು ಆಟ ನೋಡಬಾರದು, ಗಡಿಯಾರ ಮಾತ್ರ ನೋಡಬೇಕು. ವಯಸ್ಸಾದವರು, ಮಕ್ಕಳು ದಾರಿಯ ಪಕ್ಕ ಕೂರಲಿ. ಓಡಬೇಡಿ, ಕೂಗಲೂ ಬೇಡಿ. ಸಾವಿರ ಜನ ಸುಮ್ನೆ ನಡೆದು ಹೋಗುವುದು ಟಿವಿಯಲ್ಲಿ ಕೂಗಿಗಿಂತ ಜಾಸ್ತಿ ಕಾಣುತ್ತದೆ. ಬೆನ್ನ ಹಿಂದೆ ಗೋಲಿನ ಸದ್ದು ಕೇಳಿದರೂ ತಿರುಗಬಾರದು. ನಮ್ಮವರು ಕೆಟ್ಟದ್ದು ಇಲ್ಲೇ. ‘ಒಂದು ಪೆನಾಲ್ಟಿ ಕಾರ್ನರ್ ನೋಡಿ ಬರ್ತೇನೆ’ ಅಂತ ಮೂವರು ನಿಂತರು, ಅವರನ್ನು ನೋಡಿ ಮೂವತ್ತು ಜನ ಕೂತರು.

ಟಿಕೆಟ್ಟನ್ನೇ ಕೊಳ್ಳದಿದ್ದರೆ ಇನ್ನೂ ಒಳ್ಳೆಯದು, ನನ್ನ ಓಟು ಅದಕ್ಕೇ. ಆದರೆ ಆ ಸಂಜೆ ಖಾಲಿ ಬಿಟ್ಟರೆ ಕೈ ರಿಮೋಟಿಗೇ ಹೋಗುತ್ತದೆ, ಅಲ್ವಾ? ಊರ ಮೈದಾನದಲ್ಲಿ ಒಂದು ಪಂದ್ಯ ಇಟ್ಟುಕೊಳ್ಳಿ. 1997ರಲ್ಲಿ ಕೊಡಗಿನ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದದ್ದು ಯಾವ ಲೀಗನ್ನೂ ಕೇಳಿ ಅಲ್ಲ.

ಬ್ಯಾನರಿಗೆ ಬಿಳಿ ಕಾಟನ್ ಬಟ್ಟೆ, ಬಟ್ಟೆಗೆ ಹಾಕುವ ಪೇಂಟ್, ನಾಲ್ಕೇ ಪದ. ಫ್ಲೆಕ್ಸ್ ಬೇಡ, ಮಡಚಿದರೆ ಸೀಳುತ್ತದೆ. ಅಗ್ಗದ ಮಾರ್ಕರ್ ನಮ್ಮ ಮಳೆಗೆ ಐದು ನಿಮಿಷವೂ ನಿಲ್ಲದು. ಕೋಲು ತರಬೇಡಿ, ಗೇಟಿನಲ್ಲೇ ಕಿತ್ತುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಧರಣಿ ಕೂರುವುದಿದ್ದರೆ ಜಾಗ ಫ್ರೀಡಂ ಪಾರ್ಕ್, ಸ್ಟೇಡಿಯಂ ಗೇಟಲ್ಲ. ಪ್ರಾಯೋಜಕರಿಗೂ ಒಂದು ಕಾಗದ ಬರೆಯಿರಿ.

ಬಸ್ಸಿನ ಡ್ರೈವರಿಗೆ ಹೊರಡುವ ಸಮಯ ಮೊದಲೇ ಹೇಳಿಡಿ. ನಾವು ಬೇಗ ಹೊರಬಂದಾಗ ಅವರು ಬಸ್ಸಿಗೆ ಬೀಗ ಹಾಕಿಕೊಂಡು ಊಟಕ್ಕೆ ಹೋಗಿದ್ದರು.