ಹಳೆಯ ಅಚ್ಚಿನ ಚಿತ್ರಕ್ಕೆ ಕೈಬಣ್ಣ: ಬಳ್ಳಾರಿಯ ಬಿಸಿಲಿಗೆ ತಕ್ಕಂತೆ

ಬಳ್ಳಾರಿಯ ಬೇಸಿಗೆಯಲ್ಲಿ ಕುಂಚ ಬಣ್ಣದ ಬಟ್ಟಲಿಗೆ ಹೋಗಿ ಬರುವಷ್ಟರಲ್ಲಿ ಬಳಿದ ಅಂಚು ಒಣಗಿರುತ್ತದೆ. ಪಕ್ಕಕ್ಕೆ ಇನ್ನೊಂದು ಪಟ್ಟೆ ಎಳೆದರೆ ನಡುವೆ ಗೆರೆ ಬೀಳುತ್ತದೆ, ಮತ್ತೆ ಹೋಗುವುದಿಲ್ಲ. ಹಾಗಾಗಿ ಈ ಕೆಲಸ ಬೆಳಗಿನ 8ರೊಳಗೆ, ಫ್ಯಾನ್ ಆರಿಸಿಯೇ ಆಗಬೇಕು. ಮೋಡದ ದಿನ ಸಿಕ್ಕರೆ ಬಿಡಬೇಡಿ.

ಮೊದಲು ಹಾಳೆಯನ್ನು ಭೂತಗನ್ನಡಿಯಲ್ಲಿ ನೋಡಿ. ಬಣ್ಣದ ಚುಕ್ಕಿಗಳು ಗುಂಪುಗುಂಪಾಗಿ ಕಂಡರೆ ಅದು ಈಚಿನ ಆಫ್‌ಸೆಟ್ ನಕಲು, ಕೈ ಪಳಗಿಸಲು ಸಾಕು. ತಾಮ್ರದ ಅಚ್ಚಾದರೆ ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಬೆರಳಿಗೆ ತಾಗುತ್ತದೆ. ಟಿಪ್ಪುವಿನ ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಹಿಂದೆ ಸರಿದದ್ದನ್ನು ಇಂಗ್ಲಿಷ್ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇ 1791ರಲ್ಲಿ ಅಣಕಿಸಿದ. ಅಂಥ ವ್ಯಂಗ್ಯಚಿತ್ರಗಳಿಗೆ ಲಂಡನ್ನಿನಲ್ಲಿ ಆಗಲೇ ಕೈಯಿಂದ ಬಣ್ಣ ಹಚ್ಚಿ ಮಾರುತ್ತಿದ್ದರು. ಆ ಕಾಲದ ಮೂಲಪ್ರತಿ ಸಿಕ್ಕರೆ, ಬಣ್ಣ ಇರಲಿ ಇಲ್ಲದಿರಲಿ, ಕುಂಚ ತಾಗಿಸಬೇಡಿ. ಹಳೆ ಪುಸ್ತಕದಿಂದ ಬಿಚ್ಚಿಹೋದ, ಬೆಲೆಯಿಲ್ಲದ ಬಿಡಿ ಹಾಳೆಗಳು ನಮಗೆ ಸಾಕಷ್ಟಿವೆ.

ಗಣಿಯ ಕೆಂಪು ಧೂಳನ್ನು ಒಣಗಿದ ಮೆತ್ತನೆ ಕುಂಚದಿಂದ ಝಾಡಿಸಿ. ಒದ್ದೆ ಬಟ್ಟೆ ಮುಟ್ಟಿಸಿದರೆ ಅದು ಕಾಗದದ ಎಳೆಯೊಳಗೆ ಇಳಿದು ಕಲೆಯಾಗಿ ನಿಲ್ಲುತ್ತದೆ.

ಈಗ ಅಂಚಿನಲ್ಲಿ ಒಂದು ಹನಿ ನೀರು ಬಿಟ್ಟು ನೋಡಿ. ಒಂದು ನಿಮಿಷ ಹನಿಯಾಗಿಯೇ ನಿಂತರೆ ಕಾಗದದ ಸರೇಸು, ಅಂದರೆ ನೀರು ಹೀರದಂತೆ ತಡೆಯುವ ಅಂಟು, ಉಳಿದಿದೆ. ಕೂಡಲೇ ಹೀರಿ ಕಪ್ಪಾದರೆ ಸರೇಸು ಸತ್ತಿದೆ, ಬಣ್ಣ ಹಚ್ಚಿದರೆ ಹಿಂಬದಿಗೂ ಇಳಿಯುತ್ತದೆ. ಆಗ 100 ಮಿಲಿ ನೀರಿಗೆ 2 ಗ್ರಾಂ ಜೆಲಟಿನ್ ಹಾಕಿ ಅರ್ಧ ಗಂಟೆ ನೆನೆಸಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ಕುದಿಸಿದರೆ ಅಂಟು ಸೊರಗುತ್ತದೆ. ಉಗುರುಬೆಚ್ಚಗಿರುವಾಗ ಅಗಲ ಕುಂಚದಿಂದ ತೆಳುವಾಗಿ ಒಮ್ಮೆ ಬಳಿದು ರಾತ್ರಿಯಿಡೀ ಒಣಗಲು ಬಿಡಿ. ಮುಟ್ಟಿದರೆ ಪುಡಿಯಾಗುವ ಕಂದು ಕಾಗದಕ್ಕೆ ಇದು ಬೇಡ, ಅದು ನೀರು ತಾಳದು.

ನೀರು ಬೋರ್‌ನದ್ದು ಬೇಡ. ಕ್ಷಾರದ ಗಡಸು ನೀರಿನಲ್ಲಿ ಪ್ರಷ್ಯನ್ ನೀಲಿ ಮಂಕಾಗಿ ಕಂದಿಗೆ ತಿರುಗುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಬಣ್ಣ ಪಾರದರ್ಶಕ ಜಲವರ್ಣವೇ ಆಗಬೇಕು. ಕಿನ್ನಾಳದ ಗೊಂಬೆಗೆ ಬಳಿಯುವಂಥ ಗಟ್ಟಿ ಬಣ್ಣ ಇಲ್ಲಿ ಗೆರೆಗಳನ್ನೇ ಮುಚ್ಚಿಬಿಡುತ್ತದೆ. ಹಸಿರನ್ನು ಗ್ಯಾಂಬೋಜ್ ಹಳದಿಗೆ ಪ್ರಷ್ಯನ್ ನೀಲಿ ಬೆರೆಸಿಯೇ ಮಾಡಿ, ಹಳಬರು ಮಾಡುತ್ತಿದ್ದುದೂ ಹೀಗೇ. ಕಾರ್ಮೈನ್ ಕೆಂಪು ಬೆಳಕಿಗೆ ಮಾಸುವುದರಿಂದ ಅದರ ಬದಲು ಬಾಳಿಕೆಯ ಈಚಿನ ಕೆಂಪು ಬಳಸಿ. ಗ್ಯಾಂಬೋಜ್ ನಿಜವಾದ ಮರದ ಅಂಟಾದರೆ ವಿಷ, ಕುಂಚದ ತುದಿ ಬಾಯಿಗೆ ಇಡಬೇಡಿ.

ಹಾಳೆ ಇಟ್ಟ ಹಲಗೆಯನ್ನು ಒಂದು ಬದಿ ಎರಡು ಬೆರಳೆತ್ತರ ಎತ್ತಿಡಿ. ಆಕಾಶದಿಂದ ಶುರು ಮಾಡಿ. ಆ ಭಾಗವನ್ನು ಮೊದಲು ನೀರಿನಿಂದ ಸವರಿ, ನೀರಿನ ಹೊಳಪು ಆರಿದ ಗಳಿಗೆಗೆ ಬಣ್ಣ ಇಳಿಸಿ. ಬಳಿದ ಪಟ್ಟೆಯ ಕೆಳಅಂಚಿನಲ್ಲಿ ಸದಾ ಹಸಿ ಬಣ್ಣ ಮಣಿಯಂತೆ ಉಬ್ಬಿ ತುಂಬಿಕೊಂಡಿರಲಿ, ಅದು ಒಣಗಿತೆಂದರೆ ಗೆರೆ ಬಂತೆಂದೇ ಲೆಕ್ಕ. ಬಟ್ಟಲಿಗೆ ಒಂದೆರಡು ಹನಿ ಗ್ಲಿಸರಿನ್ ಹಾಕಿದರೆ ಆರುವುದು ನಿಧಾನವಾಗುತ್ತದೆ. ಹೆಚ್ಚಾದರೆ ಹಾಳೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಆಮೇಲೆ ಮುಖ, ಕೈಗಳು. ಕೊನೆಗೆ ಸೈನಿಕರ ಕೆಂಪು ಕೋಟು. ಒಮ್ಮೆ ದಟ್ಟವಾಗಿ ಹಚ್ಚುವ ಬದಲು ತಿಳಿಯಾಗಿ ಎರಡು ಸಲ ಹಚ್ಚಿ, ನಡುವೆ ಪೂರ್ತಿ ಒಣಗಲಿ.

ಮುಗಿದ ಹಾಳೆಯನ್ನು ಎರಡು ಬಿಳಿ ಬ್ಲಾಟಿಂಗ್ ಕಾಗದಗಳ ನಡುವೆ, ಭಾರದ ಕೆಳಗೆ ಒಂದು ದಿನ ಇಡಿ. ಹಿಂಬದಿಯ ಮೂಲೆಯಲ್ಲಿ ಮೆತ್ತನೆ ಪೆನ್ಸಿಲಿನಿಂದ ‘ಹೊಸ ಬಣ್ಣ’ ಎಂದು ಇಸವಿ ಸಮೇತ ಬರೆಯಿರಿ.